ಆಚೆ ದೇಶದ ನೀರು, ಈಚೆ ದಡದ ಬಲೆ

ನನ್ನ ದೊಡ್ಡಮ್ಮನಿಗೆ ಊರವರು ಇಟ್ಟ ಹೆಸರು ಬಲೆಯಕ್ಕ. ಹರಿದ ಬಲೆಯನ್ನು ತಂದು ಮುಂದೆ ಹಾಕಿದರೆ ಮಾತಾಡುತ್ತಲೇ ಹೆಣೆದು ಕೊಡುತ್ತಿದ್ದಳು. ಬಲೆ ಮುಗಿದರೂ ಮಾತು ಮುಗಿಯುವುದಿಲ್ಲ ಎನ್ನುವುದೊಂದೇ ಅವಳ ಮೇಲಿದ್ದ ದೂರು. ದೊಡ್ಡಪ್ಪ ಇದ್ದಾಗ ಇಬ್ಬರೂ ಒಂದೇ ದೋಣಿಯಲ್ಲಿ ಹೋಗುತ್ತಿದ್ದರು. ಅವನು ಹುಟ್ಟು ಹಾಕುವುದು, ಇವಳು ಬಲೆ ಬೀಸುವುದು. ಅವನು ತೀರಿಕೊಂಡ ಮೇಲೆ ಎರಡೂ ಕೆಲಸ ಇವಳದೇ ಆಯಿತು. ಒಬ್ಬಳೇ ಹೋಗುತ್ತೀಯಲ್ಲ, ಹೆದರಿಕೆಯಾಗುವುದಿಲ್ಲವೇ ಎಂದು ಅವಳ ತಂಗಿ, ಅಂದರೆ ನನ್ನ ಅಮ್ಮ, ಕೇಳಿದರೆ, ಹೆದರಿಕೆ ಏನೂ ಇಲ್ಲ, ಜಗಳ ಆಡುವುದಕ್ಕೆ ಜೊತೆಯಿಲ್ಲ ಎನ್ನುವುದೇ ಬೇಜಾರು ಎನ್ನುತ್ತಿದ್ದಳು.

ನಮ್ಮೂರಿನ ಮುಂದೆ ಹರಿಯುವ ನದಿ ಎರಡು ದೇಶಗಳ ನಡುವಿನದು. ಹಾಗಾದರೆ ಗಡಿ ನೀರಿನ ಮಧ್ಯದಲ್ಲಿ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲಿ ಹಾಗಿಲ್ಲ. ನಮ್ಮ ಮುತ್ತಜ್ಜಂದಿರಿಗೂ ಹಿಂದಿನ ಕಾಲದಲ್ಲಿ ಎರಡು ಸರ್ಕಾರಗಳು ಕೂತು ಮಾಡಿಕೊಂಡ ಒಪ್ಪಂದದಲ್ಲಿ ಗಡಿಯನ್ನು ನಮ್ಮ ದಡದ ಅಂಚಿಗೇ ತಂದು ನಿಲ್ಲಿಸಿದ್ದರು. ನಿಂತ ಮಣ್ಣು ನಮ್ಮದು, ಕಾಲು ನೆನೆದರೆ ಪರದೇಶ. ಅದಕ್ಕೆ ಬದಲಾಗಿ ನಮ್ಮ ಸರಕಿನ ದೋಣಿಗಳು ಆ ನೀರಿನಲ್ಲಿ ಓಡಾಡಬಹುದು ಎಂದು ಬರೆದುಕೊಂಡಿದ್ದರು. ಮೀನಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಇದೆಲ್ಲ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬಿದ್ದಿರಲಿಲ್ಲ. ಈ ದಡದವರು ಬಲೆ ಬೀಸುತ್ತಿದ್ದರು, ಆ ದಡದವರೂ ಬೀಸುತ್ತಿದ್ದರು. ಎರಡೂ ಕಡೆಯವರ ಭಾಷೆ ಒಂದೇ, ರಾಗ ಸ್ವಲ್ಪ ಬೇರೆ. ಆಚೆ ದೇಶದ ಗಸ್ತಿನ ದೋಣಿ ಹಾದು ಹೋಗುವಾಗ ಅದರಲ್ಲಿದ್ದವರು ಕೈ ಬೀಸುತ್ತಿದ್ದರು, ಇವರೂ ಬೀಸುತ್ತಿದ್ದರು. ಮೀನು ದಡಕ್ಕೆ ಬರುತ್ತಿತ್ತು, ಹರಾಜು ಕಟ್ಟೆಯಲ್ಲಿ ಕೂಗಾಟ ನಡೆಯುತ್ತಿತ್ತು, ಐಸ್ ಕಾರ್ಖಾನೆಯಿಂದ ಮಂಜುಗಡ್ಡೆಯ ಪೆಟ್ಟಿಗೆಗಳು ಹೊರಡುತ್ತಿದ್ದವು. ಊರೆಲ್ಲ ಹಾಗೆಯೇ ಬದುಕುತ್ತಿತ್ತು.

ಆ ವರ್ಷ ಎರಡು ಸರ್ಕಾರಗಳಿಗೆ ಯಾವುದೋ ಬಂದರಿನ ವಿಷಯದಲ್ಲಿ ಮಾತು ಕೆಟ್ಟಿತು. ಜಗಳ ಆದದ್ದು ಎಲ್ಲೋ ದೂರದ ಕೋಣೆಯಲ್ಲಿ. ಅದರ ಬಿಸಿ ತಟ್ಟಿದ್ದು ದೊಡ್ಡಮ್ಮನಿಗೆ. ಬೆಳಿಗ್ಗೆ ಅವಳು ಬಲೆ ಎಳೆಯುತ್ತಿರುವಾಗ ಗಸ್ತಿನ ದೋಣಿ ಬಂದು ಅಡ್ಡ ನಿಂತಿತು. ಹೊಸ ಅಧಿಕಾರಿ, ವಯಸ್ಸು ಚಿಕ್ಕದು, ಇಸ್ತ್ರಿ ಮಾಡಿದ ಸಮವಸ್ತ್ರ.

"ಇದು ನಮ್ಮ ನೀರು ಕಣಮ್ಮ. ಇನ್ಮೇಲೆ ಇಲ್ಲಿ ಮೀನು ಹಿಡಿಯೋ ಹಾಗಿಲ್ಲ," ಎಂದ.

"ನಿಮ್ಮ ನೀರೇ ಇರಬಹುದಪ್ಪ. ನಾನೇನು ನೀರು ಹೊತ್ಕೊಂಡು ಹೋಗ್ತಾ ಇದೀನಾ?"

ಅವನು ನಗಲಿಲ್ಲ. ಅವಳನ್ನು ನಮ್ಮ ದಡದಲ್ಲಿ ಇಳಿಸಿದ. ದೋಣಿಯನ್ನೂ ಬಲೆಯನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಆ ವಾರದಲ್ಲೇ ಇನ್ನೂ ಹಲವರ ದೋಣಿಗಳು ಹೋದವು. ಉಳಿದವರು ತಮ್ಮ ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದರು.

ಹರಾಜು ಕಟ್ಟೆ ಬಿಕೋ ಎಂದಿತು. ಐಸ್ ಕಾರ್ಖಾನೆಯ ಯಂತ್ರ ನಿಂತಿತು. ಆ ಸದ್ದು ಹುಟ್ಟಿದಾಗಿನಿಂದ ನಮ್ಮ ಕಿವಿಯಲ್ಲಿತ್ತು, ನಿಂತ ದಿನ ಯಾರೋ ಸತ್ತಂತೆ ಅನಿಸಿತು. ಗಂಡಸರು ಇಟ್ಟಿಗೆ ಗೂಡಿಗೆ, ರಸ್ತೆ ಕೆಲಸಕ್ಕೆ ಹೋದರು. ದೊಡ್ಡಮ್ಮ ಪೇಟೆಯ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಹಿಡಿದಳು. ಅದು ಹೇಗೋ ಸಹಿಸಬಹುದಿತ್ತು. ಆದರೆ ಅವಳು ಮಾತು ನಿಲ್ಲಿಸಿದಳು. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಅಮ್ಮನಿಗೆ ನಿಜವಾಗಿ ಗಾಬರಿಯಾದದ್ದು ಆಗ.

ನಮ್ಮ ಮೀನುಗಾರರ ಸಂಘದವರು ರಾಜಧಾನಿಗೆ ಎಡತಾಕಿದರು. ಕೊನೆಗೆ ನಮ್ಮ ಸರ್ಕಾರ ದೇಶದೇಶಗಳ ವ್ಯಾಜ್ಯ ಕೇಳುವ ನ್ಯಾಯಾಲಯಕ್ಕೆ ದೂರು ಕೊಟ್ಟಿತು. ಸಾಕ್ಷಿಗಳನ್ನು ಹುಡುಕಲು ವಿದೇಶಾಂಗ ಇಲಾಖೆಯ ವಕೀಲೆಯೊಬ್ಬರು ನಮ್ಮೂರಿಗೆ ಬಂದರು. ನಾನು ಆಗ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅವರನ್ನು ಮನೆಮನೆಗೆ ಕರೆದುಕೊಂಡು ಹೋಗುವ ಕೆಲಸ ನನಗೇ ಬಿತ್ತು. ಬಲೆ ಹೆಣೆಯುವ ಕೊಟ್ಟಿಗೆಯಲ್ಲಿ, ಒಂದು ಮಗುಚಿದ ಬುಟ್ಟಿಯ ಮೇಲೆ ಕೂತು, ಅವರು ದೊಡ್ಡಮ್ಮನಿಗೆ ವಿಷಯ ಬಿಡಿಸಿ ಹೇಳಿದರು.

ದೇಶಗಳ ಮೇಲೆ ಕೂತು ಕಾನೂನು ಮಾಡುವ ದೊಡ್ಡ ಸರ್ಕಾರ ಎಂಬುದು ಎಲ್ಲೂ ಇಲ್ಲವಂತೆ. ದೇಶಗಳು ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳಬೇಕು. ಒಂದು ಬಗೆ, ಕೂತು ಮಾತಾಡಿ, ಬರೆದು, ಸಹಿ ಹಾಕಿ ಮಾಡುವುದು. ನಮ್ಮ ನದಿಯ ಹಳೆಯ ಒಪ್ಪಂದ ಅಂಥದ್ದು. ಇನ್ನೊಂದಕ್ಕೆ ಬರಹವೇ ಬೇಡ. ಬಹಳ ಕಾಲ ಎಲ್ಲರೂ ಒಂದು ರೀತಿ ನಡೆದುಕೊಂಡು ಬಂದಿರಬೇಕು. ಹಾಗೆ ನಡೆಯುವುದೇ ಸರಿ, ಅದೇ ನ್ಯಾಯ ಎಂದು ಎರಡೂ ಕಡೆಯವರು ತಿಳಿದಿರಬೇಕು. ಆಗ ಆ ನಡವಳಿಕೆಯೇ ಕಾನೂನಾಗುತ್ತದೆ.

"ನಿಮ್ಮ ಊರಿನವರು ಬಲೆ ಬೀಸಿ ಬೀಸಿ ಒಂದು ಕಾನೂನು ಮಾಡಿದೀರಿ ಅಂತ ನಮ್ಮ ವಾದ," ಎಂದರು ವಕೀಲೆ.

ಎಷ್ಟೋ ವಾರಗಳ ಮೇಲೆ ದೊಡ್ಡಮ್ಮ ನಕ್ಕದ್ದನ್ನು ನಾನು ಆವತ್ತು ನೋಡಿದೆ. ತಾನು ಮೀನು ಹಿಡಿಯುತ್ತಿದ್ದೇನೆ ಎಂದುಕೊಂಡಿದ್ದೆ, ಕಾನೂನು ಮಾಡುತ್ತಿದ್ದೆ ಎಂದು ಗೊತ್ತಿದ್ದರೆ ಒಳ್ಳೆ ಸೀರೆ ಉಟ್ಟುಕೊಂಡು ಹೋಗುತ್ತಿದ್ದೆ ಎಂದಳು. ಆಮೇಲೆ ನೇರವಾಗಿ ಕೇಳಿದಳು:

"ಗೆದ್ವಿ ಅಂತಾನೇ ಇಟ್ಕೊಳ್ಳಿ. ಅವರು ಕೇಳಲ್ಲ ಅಂದ್ರೆ? ಹಿಡ್ಕೊಂಡು ಬರೋ ಪೊಲೀಸ್ ಯಾರಿದಾರೆ?"

"ಯಾರೂ ಇಲ್ಲ," ಎಂದರು ವಕೀಲೆ. ಸುತ್ತಿ ಬಳಸಿ ಏನೂ ಹೇಳಲಿಲ್ಲ. ಆ ಪ್ರಾಮಾಣಿಕತೆಗೇ ದೊಡ್ಡಮ್ಮ ಅವರನ್ನು ನಂಬಿದಳು ಎಂದು ನನಗೆ ಈಗಲೂ ಅನಿಸುತ್ತದೆ.

ಆದರೂ ದೇಶಗಳು ಹೆಚ್ಚಿನ ಸಲ ಕೇಳುತ್ತವೆ ಎಂದರು ಅವರು. ಆಚೆ ದೇಶಕ್ಕೆ ಹಾಕಿದ ಕಾಗದ ಹೋಗಿ ಮುಟ್ಟುತ್ತದೆ, ನಮ್ಮ ವಿಮಾನ ಅವರ ಆಕಾಶದಲ್ಲಿ ಹಾರುತ್ತದೆ, ನಮ್ಮ ರಾಯಭಾರಿಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ದಿನ ಬೆಳಗಾದರೆ ನಡೆಯುವ ಈ ವಿಧೇಯತೆ ಸುದ್ದಿಯಾಗುವುದಿಲ್ಲ, ಮುರಿದದ್ದು ಮಾತ್ರ ಸುದ್ದಿಯಾಗುತ್ತದೆ. ಇವತ್ತು ನಾನು ಮುರಿದರೆ ನಾಳೆ ನನಗೆ ಬೇಕಾದಾಗ ಇನ್ನೊಬ್ಬ ಮುರಿಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಮಾತಿಗೆ ತಪ್ಪಿದ ದೇಶದ ಜೊತೆ ವ್ಯವಹಾರಕ್ಕೆ ಯಾರೂ ಮುಂದೆ ಬರುವುದಿಲ್ಲ.

ಇದು ದೊಡ್ಡಮ್ಮನಿಗೆ ಹೊಸದೇನೂ ಆಗಿರಲಿಲ್ಲ. ಒಬ್ಬರು ಬಲೆ ಹಾಕಿದ ಕಡೆ ಇನ್ನೊಬ್ಬರು ದೋಣಿ ನುಗ್ಗಿಸಬಾರದು ಎಂಬುದು ನದಿಯ ಮೇಲಿನ ಕಟ್ಟಳೆ, ಅದಕ್ಕೂ ಪೊಲೀಸರಿಲ್ಲ. ನುಗ್ಗಿಸಿದವನ ದೋಣಿ ಮರಳಿಗೆ ಸಿಕ್ಕಿಕೊಂಡ ದಿನ ಎಳೆಯಲು ಯಾರೂ ಬರುವುದಿಲ್ಲ, ಅಷ್ಟೇ. ಆದರೂ ಅವಳು ಪೂರ್ತಿ ಒಪ್ಪಲಿಲ್ಲ. ದೊಡ್ಡ ದೋಣಿಯವನೊಬ್ಬ ಯಾರನ್ನೂ ಲೆಕ್ಕಕ್ಕಿಡದೆ ಬಹಳ ಕಾಲ ಮೆರೆದ, ಅವನನ್ನು ದಾರಿಗೆ ತರುವಷ್ಟರಲ್ಲಿ ನಮಗೆ ಸಾಕುಬೇಕಾಯಿತು ಎಂದಳು. ದೇಶಗಳಲ್ಲೂ ಹಾಗೇ, ದೊಡ್ಡವರನ್ನು ಬಗ್ಗಿಸುವುದು ನಿಧಾನ ಎಂದು ವಕೀಲೆ ಒಪ್ಪಿಕೊಂಡರು. ಆ ಮಾತಿನ ಮೇಲೆ ದೊಡ್ಡಮ್ಮ ಸಾಕ್ಷಿಗೆ ಬರಲು ಒಪ್ಪಿದಳು. ಜೊತೆಗೆ ನಾನು ಬರಬೇಕು ಎಂಬುದು ಅವಳ ಷರತ್ತು.

ನ್ಯಾಯಾಲಯ ಇದ್ದ ಊರು ವಿಪರೀತ ಚಳಿಯದು. ದೊಡ್ಡಮ್ಮ ಅಮ್ಮನ ಉಣ್ಣೆ ಕೋಟು ಹಾಕಿಕೊಂಡಿದ್ದಳು; ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಎತ್ತರದ ಛಾವಣಿಯ ಕೋಣೆ, ಉದ್ದನೆಯ ಮೇಜಿನ ಹಿಂದೆ ಬೇರೆ ಬೇರೆ ದೇಶಗಳ ನ್ಯಾಯಾಧೀಶರು, ಎಲ್ಲರ ಕಿವಿಗೂ ಅನುವಾದದ ಯಂತ್ರ. ಇಷ್ಟು ಜನ ಒಂದೇ ಕಡೆ ಸೇರಿ ಯಾರೂ ಕೂಗಾಡದೆ ಇರುವುದನ್ನು ತಾನು ನೋಡೇ ಇಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಚೆ ದೇಶದವರು ಇಲ್ಲಿಗೆ ಬಂದದ್ದಾದರೂ ಯಾಕೆ, ಬರುವುದಿಲ್ಲ ಎನ್ನಬಹುದಿತ್ತಲ್ಲ ಎಂದು ಕೇಳಿದಳು. ಜಗಳ ಬಂದರೆ ಇಲ್ಲೇ ತೀರಿಸಿಕೊಳ್ಳುತ್ತೇವೆ ಎಂದು ಎರಡೂ ದೇಶಗಳು ಹಿಂದೆಯೇ ಸಹಿ ಹಾಕಿಕೊಂಡಿದ್ದವು ಎಂದು ವಕೀಲೆಯಿಂದ ತಿಳಿದದ್ದನ್ನು ನಾನು ಹೇಳಿದೆ.

ನಮ್ಮ ವಕೀಲೆ ಕೇಳಿದ್ದಕ್ಕೆಲ್ಲ ಅವಳು ಸಲೀಸಾಗಿ ಉತ್ತರ ಕೊಟ್ಟಳು. ತನ್ನ ಅಪ್ಪ, ಅವನ ಅಪ್ಪ ಎಲ್ಲರೂ ಇದೇ ನದಿಯಲ್ಲಿ ಬಲೆ ಬೀಸಿದವರು, ಯಾರೂ ತಡೆದಿರಲಿಲ್ಲ. ಆಮೇಲೆ ಆಚೆ ದೇಶದ ವಕೀಲರು ಎದ್ದರು. ನರೆತ ಕೂದಲು, ಮೆತ್ತಗಿನ ದನಿ.

"ಮೀನು ಹಿಡಿಯೋದಕ್ಕೆ ನೀವು ಯಾವತ್ತಾದರೂ ನಮ್ಮ ಸರ್ಕಾರದ ಅನುಮತಿ ಕೇಳಿದ್ರಾ?"

"ಇಲ್ಲ."

"ನಮ್ಮ ಗಸ್ತಿನವರು ನಿಮ್ಮನ್ನ ನೋಡಿಯೂ ಸುಮ್ಮನೆ ಹೋಗ್ತಿದ್ರು."

"ಹೌದು. ಕೈ ಬೀಸಿ ಹೋಗೋರು."

"ಅಂದ್ರೆ, ಪಾಪ, ಹೊಟ್ಟೆಪಾಡು ಅಂತ ದಯೆಯಿಂದ ಬಿಟ್ಟಿದ್ರು. ಅಲ್ವಾ ಅಮ್ಮ?"

ಇದೇ ಇಡೀ ಮೊಕದ್ದಮೆಯ ಗಂಟು ಎಂದು ವಕೀಲೆ ನನಗೆ ಮೊದಲೇ ಹೇಳಿದ್ದರು. ದಯೆಯಿಂದ ಬಿಟ್ಟದ್ದಾದರೆ ಅದು ಹಕ್ಕಾಗುವುದಿಲ್ಲ; ಬೇಡವೆನಿಸಿದ ದಿನ ಕೊಟ್ಟವರು ವಾಪಸು ಪಡೆಯಬಹುದು. ಪಕ್ಕದಲ್ಲಿದ್ದ ನಮ್ಮ ವಕೀಲೆ ಪೆನ್ನನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಸಾಕ್ಷಿಗೆ ಕಣ್ಸನ್ನೆ ಮಾಡುವುದಕ್ಕೂ ಅಲ್ಲಿ ಅವಕಾಶವಿಲ್ಲ.

ದೊಡ್ಡಮ್ಮ ಲೋಟದಲ್ಲಿದ್ದ ನೀರು ಕುಡಿದಳು. ಕೋಟಿನ ತೋಳನ್ನು ಮೇಲಕ್ಕೆ ಸರಿಸಿಕೊಂಡಳು.

"ಒಂದು ಸಲ ನಮ್ಮೂರಿನವನೊಬ್ಬ ನದೀಲಿ ಸಿಡಿಮದ್ದು ಹಾಕಿದ. ಮೀನು, ಮರಿ ಎಲ್ಲಾ ಸತ್ತು ಎರಡೂ ದಡಕ್ಕೆ ತೇಲಿ ಬಂತು. ಆಗ ನಿಮ್ಮ ಗಸ್ತಿಗೆ ದಪ್ಪ ಮೀಸೆಯವರೊಬ್ಬರು ಮುಖ್ಯಸ್ಥರಾಗಿದ್ರು. ಅವನನ್ನ ಹಿಡಿದು ನಮ್ಮ ದಡಕ್ಕೇ ಕರ್ಕೊಂಡು ಬಂದು ಎಲ್ಲರನ್ನೂ ಸೇರಿಸಿದ್ರು. ಬಲೆ ಬೀಸೋದು ನಿಮಗೆ ಮೊದಲಿಂದ ನಡ್ಕೊಂಡು ಬಂದಿರೋದು, ಅದನ್ನ ನಾವು ಕೇಳಲ್ಲ, ಕೇಳೋ ಹಾಗೂ ಇಲ್ಲ. ಮದ್ದು ಹಾಕೋದು ಮಾತ್ರ ಯಾರ ಹಕ್ಕೂ ಅಲ್ಲ, ಇನ್ನೊಂದು ಸಲ ಹಾಕಿದ್ರೆ ಜೈಲು, ಅಂದ್ರು. ನಾವೂ ಸರಿ ಅಂದ್ವಿ. ಮದ್ದು ಹಾಕಿದವನಿಗೆ ಅವರಿಗಿಂತ ಜಾಸ್ತಿ ಬೈದಿದ್ದು ನಾನು." ಆಮೇಲೆ ಆ ವಕೀಲರ ಕಡೆಗೇ ತಿರುಗಿ ಹೇಳಿದಳು: "ದಯೆ ತೋರಿಸೋರು ಹಾಗೆ ಮಾತಾಡಲ್ಲ ಸ್ವಾಮಿ."

ಮುಖ್ಯ ನ್ಯಾಯಾಧೀಶರು ಆಚೆ ದೇಶದ ವಕೀಲರ ಕಡೆ ತಿರುಗಿ, ಈ ಘಟನೆಯ ಬಗ್ಗೆ ನಿಮ್ಮ ಸರ್ಕಾರ ಏನು ಹೇಳುತ್ತದೆ ಎಂದು ಕೇಳಿದರು. ವಿಚಾರಿಸಿ ತಿಳಿಸುತ್ತೇವೆ ಎಂದರು ಅವರು.

ಮರುದಿನದವರೆಗೆ ದೊಡ್ಡಮ್ಮ ಏನೂ ತಿನ್ನಲಿಲ್ಲ. ಇಷ್ಟು ವರ್ಷಗಳ ಮೇಲೆ ಆ ಮೀಸೆಯವರು ಬದುಕಿದ್ದಾರೋ ಇಲ್ಲವೋ, ಇದ್ದರೂ ತಮ್ಮ ದೇಶಕ್ಕೆ ವಿರುದ್ಧವಾಗಿ ಯಾಕೆ ಹೇಳುತ್ತಾರೆ ಎಂಬುದು ಅವಳ ಚಿಂತೆ. ನನ್ನದೂ ಅದೇ.

ಮರುದಿನ ಆ ನರೆತ ಕೂದಲಿನ ವಕೀಲರು ಎದ್ದು ನಿಂತು, ಅದೇ ಮೆತ್ತಗಿನ ದನಿಯಲ್ಲಿ, ಆ ಅಧಿಕಾರಿ ಈಗ ನಿವೃತ್ತರಾಗಿದ್ದಾರೆ, ನಮ್ಮ ಸರ್ಕಾರ ಅವರನ್ನು ಕೇಳಿತು, ಸಾಕ್ಷಿ ಹೇಳಿದ್ದು ನಿಜ ಎಂದರು. ಅಷ್ಟು ಹೇಳಿ ಕೂತರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಳು.

ಹೊರಗೆ ಬಂದ ಮೇಲೆ ನಾನು ನಮ್ಮ ವಕೀಲೆಯನ್ನು ಕೇಳಿದೆ: ನೆನಪಿಲ್ಲ, ಗೊತ್ತಿಲ್ಲ ಎಂದು ಜಾರಿಕೊಳ್ಳಬಹುದಿತ್ತಲ್ಲ, ಯಾಕೆ ಒಪ್ಪಿಕೊಂಡರು?

"ಇನ್ನೊಂದು ದೇಶದ ಜೊತೆ ಅವರದ್ದೊಂದು ಸಮುದ್ರದ ವ್ಯಾಜ್ಯ ಇದೆ, ಅದೂ ಇದೇ ಕೋರ್ಟಲ್ಲಿ," ಎಂದರು. "ಇವತ್ತು ಸುಳ್ಳು ಹೇಳಿ, ನಾಳೆ ಬಂದು ನಮ್ಮ ಮಾತು ನಂಬಿ ಅಂದ್ರೆ ಯಾರು ನಂಬ್ತಾರೆ?" ಆಮೇಲೆ ಸ್ವಲ್ಪ ಯೋಚಿಸಿ, ಆ ವಕೀಲರನ್ನು ತಾನು ಬಹಳ ಕಾಲದಿಂದ ಬಲ್ಲೆ, ಅವರು ಸುಳ್ಳು ಹೇಳುವ ಪೈಕಿಯಲ್ಲ, ಆ ಮೀಸೆಯವರೂ ಅಲ್ಲ ಅಂತ ಕಾಣುತ್ತದೆ ಎಂದು ಸೇರಿಸಿದರು. ಲಾಭನಷ್ಟದ ಮಾತು ಒಂದು ಕಡೆ. ಕೊನೆಗೆ ಯಾರೋ ಒಬ್ಬ ಮನುಷ್ಯ ನಿಜ ಹೇಳಲೇಬೇಕಾಗುತ್ತದೆ.

ತೀರ್ಪು ಬಂದದ್ದು ಬಹಳ ತಿಂಗಳ ಮೇಲೆ. ಐಸ್ ಕಾರ್ಖಾನೆಯ ಅಂಗಳದಲ್ಲಿ ಟಿವಿ ತಂದಿಟ್ಟಿದ್ದರು. ಊರಿಗೆ ಊರೇ ಅಲ್ಲಿತ್ತು. ಮೊದಲು ಬಂದದ್ದು ಕೆಟ್ಟ ಸುದ್ದಿ. ಹಳೆಯ ಒಪ್ಪಂದದಂತೆ ನದಿ ಪೂರ್ತಿ ಆಚೆ ದೇಶದ್ದೇ, ಗಡಿಯನ್ನು ನಡುನೀರಿಗೆ ಸರಿಸಲು ಬರುವುದಿಲ್ಲ. ಅಂಗಳದಲ್ಲಿ ಗೊಣಗಾಟ ಎದ್ದಿತು. ದೊಡ್ಡಮ್ಮ ಎಲ್ಲರಿಗೂ ಬಾಯಿ ಮುಚ್ಚಿಕೊಂಡು ಪೂರ್ತಿ ಕೇಳಿ ಎಂದು ಗದರಿದಳು. ಆಮೇಲೆ ಇನ್ನೊಂದು ಭಾಗ ಬಂತು. ದಡದ ಜನ ಹೊಟ್ಟೆಪಾಡಿಗಾಗಿ ಬಲೆಯಿಂದಲೂ ಗಾಳದಿಂದಲೂ ಮೀನು ಹಿಡಿಯುವುದು ಬಹುಕಾಲದ ರೂಢಿ. ಅದಕ್ಕೆ ಆಚೆ ದೇಶ ಎಂದೂ ತಕರಾರು ಎತ್ತಿಲ್ಲ, ಅದನ್ನು ನ್ಯಾಯವೆಂದೇ ನಡೆಸಿಕೊಂಡು ಬಂದಿದೆ. ಆದ್ದರಿಂದ ಅದು ಈ ಜನರ ಹಕ್ಕು. ನದಿಯನ್ನೂ ಮೀನಿನ ಸಂತತಿಯನ್ನೂ ಕಾಪಾಡಲು ಆಚೆ ದೇಶ ತಕ್ಕ ನಿಯಮ ಮಾಡಬಹುದು, ಆದರೆ ಹಕ್ಕನ್ನು ಕಿತ್ತುಕೊಳ್ಳುವಂತಿಲ್ಲ.

ಯಾರೂ ಕುಣಿಯಲಿಲ್ಲ. ಒಂದು ಗಳಿಗೆ ಎಲ್ಲರೂ ದೊಡ್ಡಮ್ಮನ ಮುಖ ನೋಡಿದರು, ಸರಿಯಾಗಿ ಕೇಳಿಸಿತೇ ಎನ್ನುವ ಹಾಗೆ.

"ನದಿ ಅವರದಂತೆ," ಎಂದಳು ಅವಳು. "ಇಟ್ಕೊಳ್ಳಲಿ ಬಿಡಿ. ಅಷ್ಟು ದೊಡ್ಡದನ್ನ ನಾವೆಲ್ಲಿ ಇಟ್ಕೊಳ್ಳೋದು?"

ಆಗ ಅಂಗಳ ನಕ್ಕಿತು, ನಗುತ್ತ ಅತ್ತಿತು.

ಆ ಸಂಜೆ ಆಚೆ ದೇಶದ ಮಂತ್ರಿಯೊಬ್ಬರು ಟಿವಿಯಲ್ಲಿ ಮುಖ ಗಂಟಿಕ್ಕಿಕೊಂಡು, ತೀರ್ಪು ನಮಗೆ ನೋವು ತಂದಿದೆ ಎಂದರು. ಪಾಲಿಸುತ್ತೇವೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಎರಡು ದಿನ ಕಾದು ನೋಡೋಣ ಎಂದು ಸಂಘದವರು ಅಂದರು. ದೊಡ್ಡಮ್ಮ ಕಾಯಲಿಲ್ಲ. ಬೆಳಗಾಗುತ್ತಲೇ ಪಕ್ಕದ ಮನೆಯವರ ದೋಣಿ ಕೇಳಿ ತೆಗೆದುಕೊಂಡು ನೀರಿಗಿಳಿಸಿದಳು. ನಾನೂ ಅಮ್ಮನೂ ಬೇಡವೆಂದೆವು. ಹಕ್ಕು ಅಂತ ಹೇಳಿದ ಮೇಲೂ ಬಲೆ ಬೀಸದೆ ಕೂತರೆ ಅದು ಟಿವಿಯ ಒಳಗೇ ಉಳಿಯುತ್ತದೆ ಎಂದಳು. ನಾನೂ ಹತ್ತಿ ಕೂತೆ. ಹಿಂದೆ ಇಡೀ ಊರು ದಡದಲ್ಲಿ ಸಾಲುಗಟ್ಟಿ ನಿಂತಿತ್ತು.

ಅವಳು ಮೊದಲ ಬಲೆ ಬೀಸಿದಳು. ಬಲೆ ಗಾಳಿಯಲ್ಲಿ ಅರಳಿ ನೀರಿನ ಮೇಲೆ ಬಿದ್ದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಅದರ ಹಿಂದೆಯೇ ಇಂಜಿನ್ನಿನ ಸದ್ದು ಬಂತು. ಗಸ್ತಿನ ದೋಣಿ ನೇರವಾಗಿ ನಮ್ಮತ್ತ ಬರುತ್ತಿತ್ತು, ಮುಂದೆ ಅದೇ ಚಿಕ್ಕ ವಯಸ್ಸಿನ ಅಧಿಕಾರಿ. ದೊಡ್ಡಮ್ಮ ಹಗ್ಗ ಬಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಸ್ವಲ್ಪ ದೂರದಲ್ಲೇ ಅವನು ಇಂಜಿನ್ ನಿಲ್ಲಿಸಿದ. ನಮ್ಮ ಸಣ್ಣ ದೋಣಿಗೆ ಅಲೆ ಹೊಡೆಯಬಾರದು ಎಂದು ನಿಲ್ಲಿಸಿದ್ದು. ದೊಡ್ಡಮ್ಮನಿಗೆ ಅದು ತಕ್ಷಣ ಅರ್ಥವಾಯಿತು, ನನಗೆ ಅವಳು ಆಮೇಲೆ ಹೇಳಿದಳು. ತೇಲುತ್ತ ಹತ್ತಿರ ಬಂದು ಅವನು ಟೋಪಿ ಸರಿಮಾಡಿಕೊಂಡ.

"ಆ ತಿರುವಿನ ಹತ್ತಿರ ಈಗ ಮೀನು ಮೊಟ್ಟೆ ಇಡೋ ಕಾಲ. ಅಲ್ಲಿ ಮಾತ್ರ ಬಲೆ ಹಾಕಬೇಡಿ, ನಮ್ಮವರಿಗೂ ಇದೇ ನಿಯಮ. ಮಿಕ್ಕ ಕಡೆ ಹಾಕ್ಕೊಳ್ಳಿ," ಎಂದ. ಹೇಳುವಾಗ ಅವನ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಆದರೂ ಹೇಳಿದ. "ನಿಮ್ಮ ದೋಣಿ ನಮ್ಮ ಠಾಣೆ ಕಟ್ಟೇಲಿದೆ ಅಮ್ಮ. ಬಲೆ ಇಲಿ ಕಡಿದಿದೆ. ಕಳಿಸ್ತೀವಿ."

"ಬಲೆ ನಾನು ಹೆಣ್ಕೋತೀನಿ ಬಿಡಪ್ಪ," ಎಂದಳು ದೊಡ್ಡಮ್ಮ. "ಆ ತಿರುವಿಗೆ ನಮ್ಮೋರು ಯಾರಾದ್ರೂ ಬಂದ್ರೆ ನನಗೆ ಹೇಳು. ನಾನು ನೋಡ್ಕೋತೀನಿ."

ಅವನು ಆಗ ನಕ್ಕ. ಇಂಜಿನ್ ಹಚ್ಚದೆ, ಕೋಲಿನಿಂದ ತಳ್ಳಿಕೊಂಡು ಅಷ್ಟು ದೂರ ಹೋಗಿ ಆಮೇಲೆ ಹಚ್ಚಿದ. ದಡದಲ್ಲಿ ಯಾರೋ ಸಿಳ್ಳೆ ಹೊಡೆದರು. ಬೋರಲು ಬಿದ್ದಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗಾಗಿ ನೀರಿಗಿಳಿದವು. ಮಧ್ಯಾಹ್ನದ ಹೊತ್ತಿಗೆ ಹರಾಜು ಕಟ್ಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂಜೆಗೆ ಐಸ್ ಕಾರ್ಖಾನೆಯ ಯಂತ್ರ ಗುರ್ ಎಂದು ಶುರುವಾಯಿತು. ದೊಡ್ಡಮ್ಮ ಅವತ್ತು ಮಾತಾಡಿದ್ದನ್ನು ಕೇಳಿ ಕೇಳಿ ಅಮ್ಮ ಕೊನೆಗೆ ಕಿವಿಗೆ ಹತ್ತಿ ಇಟ್ಟುಕೊಂಡಳು.

ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಕೆಲವು ವರ್ಷಗಳ ಮೇಲೆ ನಮ್ಮ ಸರ್ಕಾರವೇ ಅದೇ ನ್ಯಾಯಾಲಯದಲ್ಲಿ ಸೋತಿತು. ದೇಶದ ಇನ್ನೊಂದು ಮೂಲೆಯ ಬೆಟ್ಟದ ಗಡಿಯಲ್ಲಿ, ಬೇರೊಂದು ನೆರೆ ದೇಶದ ಕುರಿಗಾಹಿಗಳು ಹುಲ್ಲುಗಾವಲಿಗೆ ಹೋಗುವ ದಾರಿಗೆ ನಮ್ಮ ಸೈನ್ಯ ಗೇಟು ಹಾಕಿತ್ತು. ಅದನ್ನು ತೆಗೆಯಬೇಕು ಎಂದು ತೀರ್ಪಾಯಿತು. ಹರಾಜು ಕಟ್ಟೆಯಲ್ಲಿ ಗಂಡಸರು ಮೀಸೆ ತಿರುವಿ, ಅದು ಹೇಗೆ ತೆಗೆಯುತ್ತಾರೆ ನೋಡೇಬಿಡೋಣ, ನಮ್ಮ ಬೆಟ್ಟ ನಮ್ಮದು ಎಂದು ಕೂಗಾಡಿದರು. ಬುಟ್ಟಿ ಹೊತ್ತು ಹೋಗುತ್ತಿದ್ದ ದೊಡ್ಡಮ್ಮ ನಿಂತು, ನಿಮ್ಮ ಬುಟ್ಟಿಯಲ್ಲಿರುವ ಮೀನು ಯಾರ ನೀರಿನದು ಎಂದಷ್ಟೇ ಕೇಳಿದಳು.

ಸರ್ಕಾರ ಗೇಟು ತೆಗೆಯುತ್ತದೆ ಎಂದು ಸುದ್ದಿ ಬಂದಾಗ ಅವಳು ಅದನ್ನು ನೋಡಲೇಬೇಕು ಎಂದು ಹಟ ಹಿಡಿದಳು. ನಾವಿಬ್ಬರೂ ಬಸ್ಸು ಬದಲಿಸಿ ಬದಲಿಸಿ ಬೆಟ್ಟ ಹತ್ತಿದೆವು. ಅಲ್ಲಿ ನಮ್ಮದೇ ಸೈನಿಕನೊಬ್ಬ ಭಾರದ ಗೇಟಿನ ಅಡ್ಡಕಂಬವನ್ನು ಕೈಯಲ್ಲೇ ಎತ್ತಿ ಹಿಡಿದಿದ್ದ. ಅವನ ಕಾಲ ಸಂದಿಯಲ್ಲಿ, ಪಕ್ಕದಲ್ಲಿ, ಎಲ್ಲೆಂದರಲ್ಲಿ ಕುರಿಗಳು ನುಗ್ಗಿ ನುಗ್ಗಿ ಬರುತ್ತಿದ್ದವು. ಹಿಂದೆ ಬಂದ ಕುರಿಗಾಹಿ ಹೆಂಗಸು ನಮ್ಮನ್ನು ಅನುಮಾನದಿಂದ ನೋಡಿ, ಯಾವ ಊರಿನವರು, ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದಳು.

"ಸೋತಿರೋದು ಹೇಗಿರತ್ತೆ ಅಂತ ನೋಡೋಕೆ ಬಂದ್ವಿ," ಎಂದಳು ದೊಡ್ಡಮ್ಮ. "ಚೆನ್ನಾಗೇ ಇದೆ."

ಆ ಹೆಂಗಸು ಕುರಿಗಳನ್ನು ಹುಲ್ಲಿಗೆ ಬಿಟ್ಟು ಬಂದು ನಮ್ಮ ಪಕ್ಕ ಕೂತಳು. ಕುರಿಯ ವಾಸನೆ ಜಾಸ್ತಿಯೋ ಮೀನಿನ ವಾಸನೆಯೋ ಎಂದು ಇಬ್ಬರಿಗೂ ಶುರುವಾದ ವಾದ ಬಸ್ಸಿನ ಹೊತ್ತಾದರೂ ತೀರ್ಮಾನವಾಗಲಿಲ್ಲ.